ಗಿಟಾರ್ ಹಿಡಿದ ರೊಸೆಟ್ಟಾ ಯಾವ ಖಾನೆಗೂ ಸೇರಲಿಲ್ಲ

ಇಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲ್ ರೂಮಿನ ಗೋಡೆ ಮೇಲೆ ನಾಲ್ಕು ಪೋಸ್ಟರ್ ಇದ್ದವು. ಜಿಮಿ ಹೆಂಡ್ರಿಕ್ಸ್, ಜಿಮ್ಮಿ ಪೇಜ್, ಎರಿಕ್ ಕ್ಲಾಪ್ಟನ್, ಡೇವಿಡ್ ಗಿಲ್ಮೋರ್. ಇಂಟರ್ನಲ್ಸ್ ಹಿಂದಿನ ರಾತ್ರಿ ಓದೋದು ಬಿಟ್ಟು, ಇವರಲ್ಲಿ ಯಾರು ದೊಡ್ಡ ಗಿಟಾರಿಸ್ಟ್ ಅಂತ ಜಗಳ ಆಡುತ್ತಿದ್ದೆವು. ನಾಲ್ಕು ವರ್ಷದ ಆ ಜಗಳದಲ್ಲಿ ಒಂದು ಸಲವೂ ಒಬ್ಬ ಹೆಣ್ಣುಮಗಳ ಹೆಸರು ಬರಲಿಲ್ಲ. ಬರಲಿಲ್ಲ ಅನ್ನೋದು ನಮ್ಮ ತಲೆಗೆ ಹೊಳೆದೂ ಇರಲಿಲ್ಲ.

ಬಹಳ ವರ್ಷ ಆದಮೇಲೆ, ಇನ್ನೇನೋ ಹುಡುಕುವಾಗ, ಒಂದು ಕಪ್ಪು-ಬಿಳುಪು ವಿಡಿಯೊ ಸಿಕ್ಕಿತು. 1964ರ ಮೇ 7, ಇಂಗ್ಲೆಂಡಿನ ಮ್ಯಾಂಚೆಸ್ಟರ್. ರೈಲು ನಿಲ್ಲದೆ ಪಾಳುಬಿದ್ದಿದ್ದ ವಿಲ್‌ಬ್ರಹಾಮ್ ರೋಡ್ ಸ್ಟೇಷನ್ನನ್ನು ಗ್ರನಾಡಾ ಟಿವಿಯವರು ಅಮೆರಿಕದ ದಕ್ಷಿಣ ರಾಜ್ಯದ ಹಳ್ಳಿ ಸ್ಟೇಷನ್ನಿನ ಹಾಗೆ ಸಿಂಗರಿಸಿದ್ದಾರೆ. ಒಂದು ಪ್ಲಾಟ್‌ಫಾರಂ ಮೇಲೆ ಬಿಳಿಯ ಯುವಕ ಯುವತಿಯರು, ಎದುರಿನ ಪ್ಲಾಟ್‌ಫಾರಮ್ಮೇ ವೇದಿಕೆ. ಮಳೆ ಬಂದು ನೆಲ ಒದ್ದೆ. ಒಂದು ಕುದುರೆ ಗಾಡಿ ಬಂದು ನಿಲ್ಲುತ್ತದೆ. ಉದ್ದನೆಯ ಕೋಟು, ಹೈ ಹೀಲ್ಸ್ ತೊಟ್ಟ ನಡುವಯಸ್ಸಿನ ಕಪ್ಪು ಮಹಿಳೆ ಇಳಿದು ಬರುತ್ತಾರೆ. ಬಿಳಿ ಬಣ್ಣದ ಗಿಬ್ಸನ್ ಎಸ್‌ಜಿ ಗಿಟಾರನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ. ಮಳೆ ಬಂದಿದ್ದಕ್ಕೆ ನೋಹನ ಪ್ರಳಯದ ಮಳೆ ಹಾಡನ್ನೇ ಎತ್ತಿಕೊಳ್ಳುತ್ತಾರೆ. ನಡುವೆ ಒಂದು ಸೋಲೊ ಬರುತ್ತದೆ. ನಮ್ಮ ಹಾಸ್ಟೆಲ್ ಗೋಡೆಯ ನಾಲ್ವರೂ ಮಾಡುವುದೆಲ್ಲ ಅದರಲ್ಲಿ ಇತ್ತು: ತಂತಿ ಎಳೆದು ಸ್ವರ ಬಗ್ಗಿಸೋದು, ಒಂದೇ ತುಣುಕನ್ನು ಬಿಡದೆ ಬಡಿದು ಜನರನ್ನು ಎಬ್ಬಿಸೋದು, ಬಾರಿಸುತ್ತಲೇ ಕೈ ಮೇಲಕ್ಕೆತ್ತೋದು.

ಸಿಸ್ಟರ್ ರೊಸೆಟ್ಟಾ ಥಾರ್ಪ್. ಆಗ ಆಕೆಗೆ 49 ವರ್ಷ. ಅದಾಗಲೇ ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ಗಿಟಾರ್ ನುಡಿಸುತ್ತಿದ್ದರು.

ಹುಟ್ಟಿದ್ದು 1915ರ ಮಾರ್ಚ್ 20ರಂದು, ಅರ್ಕನ್ಸಾದ ಕಾಟನ್ ಪ್ಲಾಂಟ್ ಅನ್ನೋ ಊರಲ್ಲಿ. ಊರಿನ ಹೆಸರೇ ಹೇಳುವ ಹಾಗೆ ಅಲ್ಲಿ ಇದ್ದದ್ದು ಹತ್ತಿ. ಅಪ್ಪ ಅಮ್ಮ ಇಬ್ಬರೂ ಹತ್ತಿ ಬಿಡಿಸುವ ಕೂಲಿಗಳು. ಅಮ್ಮ ಕೇಟಿ ಬೆಲ್ ನ್ಯೂಬಿನ್ ಮ್ಯಾಂಡೊಲಿನ್ ನುಡಿಸುತ್ತಿದ್ದರು, ಹಾಡುತ್ತಿದ್ದರು, ಧರ್ಮಪ್ರಚಾರ ಮಾಡುತ್ತಿದ್ದರು. ಅವರು ಸೇರಿದ್ದು ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್ ಅನ್ನೋ ಕಪ್ಪು ಜನರ ಪೆಂಟೆಕೋಸ್ಟಲ್ ಪಂಥಕ್ಕೆ. ಮರ್ಯಾದಸ್ಥ ಚರ್ಚುಗಳಲ್ಲಿ ವಾದ್ಯ ಅಂದರೆ ಆರ್ಗನ್ ಮಾತ್ರ. ಇಲ್ಲಿ ಡ್ರಮ್, ಟ್ಯಾಂಬೊರಿನ್, ಗಿಟಾರ್ ಎಲ್ಲವೂ ದೇವರ ಸೇವೆಗೆ ಬರುತ್ತಿದ್ದವು. ಕುಣಿತ, ಕೂಗು, ಚಪ್ಪಾಳೆ ಎಲ್ಲ ಭಕ್ತಿಯ ಭಾಗ. ಬಡವರ ಚರ್ಚು. ರಾಕ್ ಸಂಗೀತದ ಬೇರು ಹುಡುಕೋರು ಯಾವಾಗಲೂ ಹೆಂಡದಂಗಡಿ, ನಾಲ್ಕು ದಾರಿ ಕೂಡುವ ಜಾಗ, ಸೈತಾನನ ಜೊತೆ ಒಪ್ಪಂದ ಅಂತ ಕತೆ ಹೇಳುತ್ತಾರೆ. ಗಂಡಸರ ರೊಮ್ಯಾಂಟಿಕ್ ಕತೆ ಅದು. ಭಾನುವಾರ ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಅಮ್ಮಂದಿರ ಈ ಚರ್ಚು ಅದರಲ್ಲಿ ಬರೋದು ಕಡಿಮೆ.

ನಾಲ್ಕನೇ ವಯಸ್ಸಿಗೇ ರೊಸೆಟ್ಟಾ ಗಿಟಾರ್ ಹಿಡಿದು ಹಾಡಲು ಶುರುಮಾಡಿದಳು. ಅಮ್ಮ ಗಂಡನನ್ನು ಬಿಟ್ಟು, ಮಗಳನ್ನು ಕರೆದುಕೊಂಡು ಊರೂರು ಸುತ್ತಿ, 1920ರ ದಶಕದ ನಡುವೆ ಶಿಕಾಗೋ ಸೇರಿದರು. ದಕ್ಷಿಣದ ವರ್ಣಭೇದ ಮತ್ತು ಬಡತನ ತಾಳಲಾರದೆ ಲಕ್ಷಾಂತರ ಕಪ್ಪು ಜನ ಉತ್ತರದ ನಗರಗಳಿಗೆ ಗುಳೆ ಹೋಗುತ್ತಿದ್ದ ಕಾಲ ಅದು. ಶಿಕಾಗೋದಲ್ಲಿ ತಾಯಿ ಮಗಳು ಹಾಡುತ್ತಿದ್ದದ್ದು 40ನೇ ಬೀದಿಯ ರಾಬರ್ಟ್ಸ್ ಟೆಂಪಲ್ ಅನ್ನೋ ಚರ್ಚಿನಲ್ಲಿ. ಈ ಹೆಸರನ್ನು ನೀವು ಬೇರೆ ಕಾರಣಕ್ಕೆ ಕೇಳಿರಬಹುದು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಬಿಳಿಯರು ಕೊಂದ 14 ವರ್ಷದ ಹುಡುಗ ಎಮೆಟ್ ಟಿಲ್‌ನ ಶವಪೆಟ್ಟಿಗೆಯನ್ನು, ಜಗತ್ತು ನೋಡಲಿ ಅಂತ ಅವನ ತಾಯಿ ತೆರೆದಿಟ್ಟದ್ದು ಇದೇ ಚರ್ಚಿನಲ್ಲಿ.

1934ರಲ್ಲಿ ಥಾಮಸ್ ಥಾರ್ಪ್ ಅನ್ನೋ ಬೋಧಕನ ಜೊತೆ ಮದುವೆ. ಸಂಸಾರ ನಿಲ್ಲಲಿಲ್ಲ, ಹೆಸರು ಮಾತ್ರ ಉಳಿಯಿತು. 1938ರಲ್ಲಿ ನ್ಯೂಯಾರ್ಕ್‌ಗೆ ಬಂದ 23ರ ಹುಡುಗಿ ಒಂದೇ ವರ್ಷದಲ್ಲಿ ಮಾಡಿದ್ದು ನೋಡಿ. ಕಾಟನ್ ಕ್ಲಬ್ಬಿನಲ್ಲಿ ಹಾಡಿದರು. ವೇದಿಕೆ ಮೇಲೆ ಕಪ್ಪು ಕಲಾವಿದರು, ಟೇಬಲ್‌ಗಳಲ್ಲಿ ಬಹುತೇಕ ಬಿಳಿಯರು. ಅಕ್ಟೋಬರ್ 31ರಂದು ಡೆಕ್ಕಾ ಕಂಪನಿಗೆ ಮೊದಲ ನಾಲ್ಕು ಹಾಡು ರೆಕಾರ್ಡ್ ಮಾಡಿದರು. ಅದರಲ್ಲಿ ಒಂದು, ಥಾಮಸ್ ಡಾರ್ಸಿ ಬರೆದ ಭಕ್ತಿಗೀತೆ, 'ರಾಕ್ ಮಿ' ಅನ್ನೋ ಹೆಸರಲ್ಲಿ ಬಂತು. ದೇವರ ತೋಳಿನಲ್ಲಿ ತೂಗಿಸಿಕೊಳ್ಳುವ ಹಾಡು. ಆದರೆ ರೊಸೆಟ್ಟಾ ಹಾಡಿದ್ದನ್ನು ಕೇಳಿದ ಕ್ಲಬ್ಬಿನ ಜನಕ್ಕೆ ಬೇರೆ ಅರ್ಥವೂ ಕೇಳಿಸುತ್ತಿತ್ತು, ಅದು ಆಕೆಗೂ ಗೊತ್ತಿತ್ತು. ಡಿಸೆಂಬರ್ 23ಕ್ಕೆ ಕಾರ್ನೆಗಿ ಹಾಲ್. ಜಾನ್ ಹ್ಯಾಮಂಡ್ ಸಂಘಟಿಸಿದ, ಕಪ್ಪು ಸಂಗೀತದ ಇಡೀ ಹಾದಿಯನ್ನು ಒಂದೇ ರಾತ್ರಿ ತೋರಿಸುವ ಕಛೇರಿ. ಅದಕ್ಕೆ ಹಣ ಕೊಡಲು ಮುಂದೆ ಬಂದದ್ದು ನ್ಯೂ ಮಾಸಸ್ ಅನ್ನೋ ಮಾರ್ಕ್ಸ್‌ವಾದಿ ಪತ್ರಿಕೆ. ಎಡಪಂಥೀಯರ ಸಾಂಸ್ಕೃತಿಕ ಕೆಲಸ ಅಂದ ತಕ್ಷಣ ಮೂಗು ಮುರಿಯುವ ಗೆಳೆಯರಿಗೆ ನಾನು ಇದನ್ನು ಆಗಾಗ ನೆನಪಿಸುತ್ತೇನೆ.

ಚರ್ಚಿನ ಹಿರಿಯರಿಗೆ ಕೋಪ ಬಂತು. ದೇವರ ಹಾಡನ್ನು ಕುಡಿಯುವ ಜಾಗಕ್ಕೆ ಒಯ್ದಳು ಅಂತ. ಆಕೆ ಎರಡನ್ನೂ ಬಿಡಲಿಲ್ಲ. ಲಕ್ಕಿ ಮಿಲಿಂಡರ್ ಅವರ ದೊಡ್ಡ ಬ್ಯಾಂಡಿನ ಜೊತೆ ತುಂಟ ಪ್ರೇಮಗೀತೆಗಳನ್ನೂ ಹಾಡಿದರು, ಭಾನುವಾರದ ಪ್ರಾರ್ಥನೆಯಲ್ಲೂ ಹಾಡಿದರು.

ಇಲ್ಲಿ ಸ್ವಲ್ಪ ಎಲೆಕ್ಟ್ರಿಕಲ್ ವಿಷಯ ಹೇಳಲೇಬೇಕು, ನನ್ನ ಡಿಗ್ರಿ ಪೂರ್ತಿ ದಂಡವಾಗಬಾರದಲ್ಲ. ದೊಡ್ಡ ಬ್ಯಾಂಡಿನಲ್ಲಿ ಹತ್ತಾರು ತುತ್ತೂರಿಗಳ ನಡುವೆ ಮರದ ಗಿಟಾರ್ ಕೇಳಿಸೋದೇ ಇಲ್ಲ. ಅದಕ್ಕೇ ಆಗಿನ ಗಿಟಾರಿಸ್ಟ್ ಅಂದರೆ ಹಿಂದೆ ಕೂತು ಲಯ ಕೊಡೋ ಮನುಷ್ಯ. ರೊಸೆಟ್ಟಾ ಮೊದಲು ಬಳಸಿದ್ದು ಲೋಹದ ಮೈಯ ನ್ಯಾಷನಲ್ ಗಿಟಾರು, ಅದರ ಒಳಗಿನ ಲೋಹದ ಶಂಕು ಸದ್ದನ್ನು ಹೆಚ್ಚಿಸುತ್ತದೆ. ಆಮೇಲೆ ಎಲೆಕ್ಟ್ರಿಕ್. ಅದರ ತತ್ವ ಪಿಯುಸಿಯಲ್ಲಿ ಓದಿದ ಫ್ಯಾರಡೆ ನಿಯಮವೇ: ಉಕ್ಕಿನ ತಂತಿ ಆಯಸ್ಕಾಂತದ ಮುಂದೆ ಕಂಪಿಸಿದರೆ ಕಾಯಿಲ್‌ನಲ್ಲಿ ವೋಲ್ಟೇಜ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಆಂಪ್ಲಿಫೈಯರ್‌ನ ವಾಲ್ವ್‌ಗಳನ್ನು ಅವುಗಳ ಮಿತಿ ಮೀರಿ ದುಡಿಸಿದರೆ ಅಲೆಯ ತುದಿ ಕತ್ತರಿಸಿ ಹೋಗಿ, ಇಲ್ಲದಿದ್ದ ಹೊಸ ಸ್ವರಾಂಶಗಳು ಸೇರಿಕೊಳ್ಳುತ್ತವೆ. ಲ್ಯಾಬಿನಲ್ಲಿ ಅದನ್ನು ದೋಷ ಅಂತ ಕಲಿಸಿದರು. ರಾಕ್ ಸಂಗೀತ ನಿಂತಿರೋದೇ ಆ ದೋಷದ ಮೇಲೆ. ಗಿಟಾರು ಹಿಂದಿನ ಸಾಲಿನಿಂದ ಮುಂದೆ ಬಂದು ಗಾಯಕಿಯ ಜೊತೆ ಸಮಸಮಕ್ಕೆ ಮಾತಾಡೋದನ್ನು, ಪ್ರಶ್ನೆ ಕೇಳಿ ಉತ್ತರ ಕೊಡೋದನ್ನು ರೊಸೆಟ್ಟಾ ಚರ್ಚಿನ ಪದ್ಧತಿಯಿಂದ ತಂದರು. ಅಲ್ಲಿ ಬೋಧಕ ಒಂದು ಸಾಲು ಹೇಳಿದರೆ ಸಭೆ ತಿರುಗಿ ಕೂಗುತ್ತದೆ. ಆಕೆಯ ಹಾಡಲ್ಲಿ ಆ ಸಭೆಯ ಕೆಲಸ ಮಾಡಿದ್ದು ಗಿಟಾರು.

1944ರಲ್ಲಿ ಪಿಯಾನೊ ವಾದಕ ಸ್ಯಾಮಿ ಪ್ರೈಸ್ ಜೊತೆ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವೆರಿ ಡೇ' ರೆಕಾರ್ಡ್ ಆಯಿತು. ಭಕ್ತಿಗೀತೆ, ಆದರೆ ಕೆಳಗೆ ಓಡುತ್ತಿರೋದು ಬೂಗಿ-ವೂಗಿ ಲಯ, ಮೇಲೆ ಎಲೆಕ್ಟ್ರಿಕ್ ಗಿಟಾರ್. 1945ರಲ್ಲಿ ಅದು ಬಿಲ್‌ಬೋರ್ಡ್ ಪಟ್ಟಿಯ ಎರಡನೇ ಸ್ಥಾನಕ್ಕೆ ಏರಿತು. ಯಾವ ಪಟ್ಟಿ? 'ರೇಸ್ ರೆಕಾರ್ಡ್ಸ್'. ಜನಾಂಗದ ರೆಕಾರ್ಡುಗಳು ಅಂತ, ಅಂದರೆ ಕಪ್ಪು ಜನ ಕೇಳುವವು ಅಂತ. ಆಗ ಎಲ್ವಿಸ್ ಪ್ರೀಸ್ಲಿಗೆ ಹತ್ತು ವರ್ಷ. ಚಕ್ ಬೆರ್ರಿಯ ಮೊದಲ ಹಿಟ್ ಬರಲು ಇನ್ನೂ ಹತ್ತು ವರ್ಷ ಬಾಕಿ. ಇದೇ ಮೊದಲ ರಾಕ್ ಅಂಡ್ ರೋಲ್ ರೆಕಾರ್ಡ್ ಅಂತ ವಾದಿಸೋರಿದ್ದಾರೆ. ನಾನು ಅಷ್ಟು ದೂರ ಹೋಗಲ್ಲ. ಯಾವ ಸಂಗೀತವೂ ಒಂದು ದಿನ, ಒಂದು ಸ್ಟುಡಿಯೋದಲ್ಲಿ ಹುಟ್ಟಲ್ಲ. ಆದರೆ ಆ ವಾದದ ಪಟ್ಟಿಯಲ್ಲಿ ಆಕೆಯ ಹೆಸರೇ ಇಲ್ಲದೆ ದಶಕಗಟ್ಟಲೆ ಇತಿಹಾಸ ಬರೆದರಲ್ಲ, ಅದು ಹೇಗೆ ಸಾಧ್ಯವಾಯಿತು?

ಕೇಳಿದವರಿಗಂತೂ ಗೊತ್ತಿತ್ತು. ಅರ್ಕನ್ಸಾದಲ್ಲೇ ಬೆಳೆದ ಜಾನಿ ಕ್ಯಾಶ್, 1992ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿದ ದಿನ, ತನಗೆ ದಾರಿ ತೋರಿದವರಲ್ಲಿ ಆಕೆಯನ್ನು ನೆನೆದರು. ಲಿಟಲ್ ರಿಚರ್ಡ್ ಕತೆ ಇನ್ನೂ ಚೆಂದ. 1947ರಲ್ಲಿ ಜಾರ್ಜಿಯಾದ ಮೇಕನ್ ಊರಿನ ಸಭಾಂಗಣದಲ್ಲಿ ತಂಪು ಪಾನೀಯ ಮಾರುತ್ತಿದ್ದ 14ರ ಹುಡುಗ, ಕಛೇರಿಗೆ ಮೊದಲು ಆಕೆಯ ಹಾಡನ್ನೇ ಹಾಡಿಕೊಳ್ಳುತ್ತಿದ್ದ. ಕೇಳಿಸಿಕೊಂಡ ರೊಸೆಟ್ಟಾ ಅವನನ್ನು ವೇದಿಕೆಗೆ ಕರೆದು ಹಾಡಿಸಿದರು, ದುಡ್ಡೂ ಕೊಟ್ಟರು. ಅದು ಅವನ ಮೊದಲ ಸಂಬಳದ ಹಾಡು.

ಆ ವರ್ಷಗಳಲ್ಲಿ ಆಕೆ ಅಮೆರಿಕದ ದೊಡ್ಡ ತಾರೆ. ಗಾಯಕಿ ಮೇರಿ ನೈಟ್ ಜೊತೆ ಸೇರಿ ಇಬ್ಬರೇ ಹೆಣ್ಣುಮಕ್ಕಳು ದೇಶ ಸುತ್ತಿ ಕಛೇರಿ ಕೊಟ್ಟರು. ಬೇಕಾದಷ್ಟು ದುಡ್ಡಿದ್ದರೂ ದಕ್ಷಿಣದ ಹೋಟೆಲ್‌ಗಳಲ್ಲಿ ಕಪ್ಪು ಜನಕ್ಕೆ ರೂಮು ಇಲ್ಲ, ಊಟ ಬೇಕಾದರೆ ಹಿಂಬಾಗಿಲು. ಹಾಗಾಗಿ ತಾರೆ ಮಲಗುತ್ತಿದ್ದದ್ದು ತನ್ನ ಬಸ್ಸಿನಲ್ಲಿ. ಅದೇ ಕಾಲದಲ್ಲಿ ಜೋರ್ಡನೇರ್ಸ್ ಅನ್ನೋ ಬಿಳಿಯರ ತಂಡವನ್ನು ತನ್ನ ಜೊತೆ ಹಾಡಲು ಕಟ್ಟಿಕೊಂಡು ಹೋದರು. ಮುಂದೆ ಎಲ್ವಿಸ್ ಹಿಂದೆ ನಿಂತು ಹಾಡಿದ ತಂಡ ಇದೇ.

1951ರ ಮದುವೆ ಪ್ರಸಂಗವನ್ನು ಬಿಟ್ಟರೆ ಆಕೆಯನ್ನು ಅರ್ಧ ಮಾತ್ರ ತೋರಿಸಿದಂತೆ. ಇದು ಮೂರನೆಯದು. ವ್ಯವಸ್ಥಾಪಕರು ಒಂದು ಐಡಿಯಾ ತಂದರು: ಸ್ಟೇಡಿಯಮ್ಮಿನಲ್ಲಿ ಟಿಕೆಟ್ ಇಟ್ಟು ಮದುವೆ. ಒಪ್ಪಂದಕ್ಕೆ ಸಹಿ ಬಿದ್ದಾಗ ವರ ಇನ್ನೂ ಗೊತ್ತಾಗಿರಲಿಲ್ಲ. ಆಮೇಲೆ ರಸೆಲ್ ಮಾರಿಸನ್ ಸಿಕ್ಕರು. ಜುಲೈ 3ರಂದು ವಾಷಿಂಗ್ಟನ್‌ನ ಗ್ರಿಫಿತ್ ಬೇಸ್‌ಬಾಲ್ ಸ್ಟೇಡಿಯಮ್ಮಿಗೆ 20,000ದಿಂದ 25,000 ಜನ ದುಡ್ಡು ಕೊಟ್ಟು ಬಂದರು. ಮಂತ್ರ ಮುಗಿದ ಮೇಲೆ ವಧು ಬಿಳಿ ಗೌನಿನಲ್ಲೇ ಗಿಟಾರ್ ಹಿಡಿದು ಮೈದಾನದಲ್ಲಿ ಕಛೇರಿ ಮಾಡಿದರು, ಕೊನೆಗೆ ಪಟಾಕಿ. ಡೆಕ್ಕಾ ಇದನ್ನೂ ರೆಕಾರ್ಡ್ ಮಾಡಿ ಮಾರಿತು. ಸ್ಟೇಡಿಯಂ ರಾಕ್ ಅನ್ನೋ ಪದವೇ ಹುಟ್ಟದ ಕಾಲದಲ್ಲಿ!

ಇಳಿಕೆ ಬೇಗ ಬಂತು. 1950ರ ದಶಕದ ಆರಂಭದಲ್ಲಿ ಬ್ಲೂಸ್ ಹಾಡುಗಳನ್ನು ರೆಕಾರ್ಡ್ ಮಾಡಿದ್ದಕ್ಕೆ ಚರ್ಚಿನ ಕೇಳುಗರು ದೂರ ಸರಿದರು. ಅದೇ ಹೊತ್ತಿಗೆ ಆಕೆಯ ಆಟವನ್ನೇ ಇಪ್ಪತ್ತರ ಹುಡುಗರು ಆಡತೊಡಗಿದರು, ಅದಕ್ಕೆ ರಾಕ್ ಅಂಡ್ ರೋಲ್ ಅಂತ ಹೆಸರು ಬಿತ್ತು. ನಲವತ್ತು ದಾಟಿದ, ಭಕ್ತಿಗೀತೆಯ ಕಪ್ಪು ಹೆಂಗಸಿಗೆ ಆ ಮಾರುಕಟ್ಟೆಯಲ್ಲಿ ಜಾಗ ಇರಲಿಲ್ಲ. ಕೆಲಸ ಸಿಕ್ಕಿದ್ದು ಸಾಗರದಾಚೆ. 1957ರಲ್ಲಿ ಕ್ರಿಸ್ ಬಾರ್ಬರ್ ತಂಡದ ಜೊತೆ ಬ್ರಿಟನ್ ಪ್ರವಾಸ, 1964ರಲ್ಲಿ ಮಡ್ಡಿ ವಾಟರ್ಸ್ ಮತ್ತಿತರರ ಜೊತೆ ಆ ಮ್ಯಾಂಚೆಸ್ಟರ್ ಸ್ಟೇಷನ್. ಈಗ ಆ ಸೆಟ್ ನೋಡಿದರೆ ಮುಜುಗರ ಆಗುತ್ತದೆ. ಮೂಟೆ, ಪೆಟ್ಟಿಗೆ, ಸಾಕುಪ್ರಾಣಿ. ಕಪ್ಪು ಸಂಗೀತ ಅಂದರೆ ಹಳ್ಳಿಯ ಬಡತನ ಅಂತ ಟಿವಿಯವರ ಕಲ್ಪನೆ. ಹತ್ತಿ ಹೊಲದಿಂದ ತಪ್ಪಿಸಿಕೊಂಡು ಕಾರ್ನೆಗಿ ಹಾಲ್‌ವರೆಗೆ ಹೋದವರನ್ನು ತಿರುಗಿ ಅದೇ ಹೊಲಕ್ಕೆ ಕರೆತಂದ ಹಾಗೆ. ಆಕೆ ಮಾತ್ರ ಮಹಾರಾಣಿಯ ಠೀವಿಯಲ್ಲಿ ಗಾಡಿ ಇಳಿದರು.

1970ರಲ್ಲಿ ಪಾರ್ಶ್ವವಾಯು. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಕತ್ತರಿಸಬೇಕಾಯಿತು. ಆಮೇಲೂ ಹಾಡಿದರು. 1973ರ ಅಕ್ಟೋಬರ್ 9ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡಾಗ 58 ವರ್ಷ. ಹೊಸ ರೆಕಾರ್ಡಿಂಗಿಗೆ ದಿನ ಗೊತ್ತಾಗಿತ್ತು. ನಾರ್ತ್‌ವುಡ್ ಸ್ಮಶಾನದಲ್ಲಿ ಹೂಳಿದರು. ಮೇಲೊಂದು ಕಲ್ಲು ನೆಡಲಿಲ್ಲ.

ಮರೆತರು ಅಂತ ಹೇಳೋದು ಸುಲಭ. ನನಗೆ ಅನಿಸೋದು, ಮರೆತದ್ದಲ್ಲ, ತಪ್ಪು ಖಾನೆಗೆ ಹಾಕಿದ್ದು. ಚರ್ಚಿನವರು ಲೌಕಿಕದ ಖಾನೆಗೆ ಹಾಕಿದರು. ಕಂಪನಿಯವರು ಜನಾಂಗದ ಖಾನೆಗೆ. ರಾಕ್ ಇತಿಹಾಸಕಾರರು ಗಾಸ್ಪೆಲ್ ಖಾನೆಗೆ ಹಾಕಿ ಮುಚ್ಚಿಟ್ಟರು. ಗಂಡಸಿನ ಹಾಗೆ ನುಡಿಸುತ್ತಾಳೆ ಅನ್ನೋದು ಆ ಕಾಲದ ದೊಡ್ಡ ಹೊಗಳಿಕೆ, ಅಂದರೆ ಗಿಟಾರಿಸ್ಟ್ ಅನ್ನೋ ಖಾನೆಯೇ ಗಂಡಸರದ್ದು. ಈಗ ಎಲ್ಲರೂ ಪ್ರೀತಿಯಿಂದ ಕೊಡುವ ಬಿರುದು ರಾಕ್‌ನ ಗಾಡ್‌ಮದರ್ ಅಂತ. ನನಗೆ ಅದೂ ಹಿಡಿಸಲ್ಲ. ಎಲ್ವಿಸ್ ರಾಜ, ಈಕೆ ಮಾತ್ರ ಯಾರದೋ ಧರ್ಮತಾಯಿ. ದುಡಿದು ಕಟ್ಟಿದ ಕಸುಬನ್ನು ಮತ್ತೆ ಸಾಕಿ ಸಲಹುವ ಸಂಬಂಧಕ್ಕೆ ಇಳಿಸಿದ ಹಾಗೆ.

ಗೇಲ್ ವಾಲ್ಡ್ ಬರೆದ ಜೀವನಚರಿತ್ರೆ 2007ರಲ್ಲಿ ಬಂತು. ಮರುವರ್ಷ ಒಂದು ಕಛೇರಿ ಮಾಡಿ ಸಮಾಧಿಗೆ ಕಲ್ಲು ಹಾಕಿಸಲು ಹಣ ಕೂಡಿಸಿದರು. ಹಾಲ್ ಆಫ್ ಫೇಮ್ 1986ರಲ್ಲಿ ಸಾಧಕರ ಮೊದಲ ತಂಡವನ್ನು ಸೇರಿಸಿಕೊಂಡಾಗ ಎಲ್ವಿಸ್, ಚಕ್ ಬೆರ್ರಿ, ಆ ತಂಪು ಪಾನೀಯದ ಹುಡುಗ ಲಿಟಲ್ ರಿಚರ್ಡ್ ಎಲ್ಲ ಇದ್ದರು. ಒಬ್ಬ ಮಹಿಳೆಯೂ ಇರಲಿಲ್ಲ. ರೊಸೆಟ್ಟಾ ಥಾರ್ಪ್ ಸೇರಿದ್ದು 2018ರಲ್ಲಿ, 32 ವರ್ಷ ತಡವಾಗಿ. ಅದೂ ಕಲಾವಿದರ ಖಾನೆಗಲ್ಲ. ಆರಂಭದ ಪ್ರಭಾವಗಳು ಅಂತ ಬೇರೆಯೇ ಒಂದು ಖಾನೆ ಇದೆ, ಅದಕ್ಕೆ.