ಯಾವುದು ನಮ್ಮದು, ಯಾವುದು ಹೊರಗಿನದು? ನೀರಿನ ಜೀವಿಗಳ ಜಾಡು ಹಿಡಿದ ಪುಣೆಯ ಆಘಾರ್ಕರ್

ಬೆಟ್ಟಗಳ ನಡುವಿನ ತಿಳಿನೀರಿನ ಸರೋವರಗಳಿಗೂ ಈಗ ಹೊರಗಿನ ಸೂಕ್ಷ್ಮ ಪಾಚಿಗಳ ಕಾಟ ಶುರುವಾಗಿದೆ. ನ್ಯೂಜಿಲೆಂಡ್‌ನ ವನಾಕಾ ಸರೋವರದಲ್ಲಿ ಲಿಂಡಾವಿಯಾ ಎಂಬ ಡಯಾಟಮ್ ಪಾಚಿ ಲೋಳೆಯಾಗಿ ಹರಡಿ, ಗಾಳದ ದಾರಕ್ಕೂ ನೀರಿನ ಫಿಲ್ಟರ್‌ಗಳಿಗೂ ಮೆತ್ತಿಕೊಂಡಿತು. ಅದು ಉತ್ತರ ಅಮೆರಿಕದಿಂದ ಬಂದಿರುವ ಸಾಧ್ಯತೆಯೇ ಹೆಚ್ಚು ಎನ್ನುತ್ತವೆ ವಂಶವಾಹಿ ಅಧ್ಯಯನಗಳು. ಇಂಥ ಪಾಚಿ ಊರು ದಾಟಲು ಒದ್ದೆ ಬೂಟು ಅಥವಾ ದೋಣಿಯ ತಳದಲ್ಲಿ ಉಳಿದ ಹನಿ ನೀರು ಸಾಕು.

ಆದರೆ ಒಂದು ಜೀವಿಯನ್ನು ಹೊರಗಿನದು ಎನ್ನಬೇಕಾದರೆ, ಅಲ್ಲಿ ಮೊದಲು ಏನಿತ್ತು ಎಂಬ ದಾಖಲೆ ಇರಬೇಕು. ಸಸ್ಯವಿಜ್ಞಾನಿ ಶಂಕರ ಪುರುಷೋತ್ತಮ ಆಘಾರ್ಕರ್ ಅವರ ಬದುಕು ಮತ್ತೆ ಮತ್ತೆ ಬಂದು ನಿಂತದ್ದು ಇದೇ ಪ್ರಶ್ನೆಯ ಮುಂದೆ.

1884ರ ನವೆಂಬರ್ 18ರಂದು ಕೊಂಕಣದ ಮಾಲ್ವಣದಲ್ಲಿ ಜನಿಸಿದ ಆಘಾರ್ಕರ್ ಮೆಟ್ರಿಕ್ ಮುಗಿಸಿದ್ದು ನಮ್ಮ ಧಾರವಾಡದಲ್ಲಿ. ಮುಂದೆ ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದರು. ಪಶ್ಚಿಮ ಘಟ್ಟದಲ್ಲಿ ಅಲೆಯುತ್ತಿದ್ದಾಗ ಸಾತಾರ ಭಾಗದ ನದಿಯಲ್ಲಿ ಅವರಿಗೆ ಸಿಹಿನೀರಿನ ಪುಟ್ಟ ಜೆಲ್ಲಿ ಮೀನು ಸಿಕ್ಕಿತು. ಆ ಬಗೆಯ ಜೀವಿ ಅಲ್ಲಿಯವರೆಗೆ ಗೊತ್ತಿದ್ದದ್ದು ಆಫ್ರಿಕಾದಲ್ಲಿ ಮಾತ್ರ. ಹಾಗಾದರೆ ಇದು ಅಲ್ಲಿಂದ ಬಂದದ್ದೇ? ಕಲ್ಕತ್ತದ ಇಂಡಿಯನ್ ಮ್ಯೂಸಿಯಂನ ನೆಲ್ಸನ್ ಅನ್ನಂಡೇಲ್ ಪರೀಕ್ಷಿಸಿ, 1912ರಲ್ಲಿ ಇದನ್ನು ಬೇರೆಯದೇ ಪ್ರಭೇದವೆಂದು ಗುರುತಿಸಿ ಲಿಮ್ನೊಕ್ನಿಡಾ ಇಂಡಿಕಾ ಎಂದು ಹೆಸರಿಟ್ಟರು. ಪರದೇಶಿಯಂತೆ ಕಂಡದ್ದು ಘಟ್ಟದ್ದೇ ಜೀವಿಯಾಗಿತ್ತು.

1914ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಒಲಿಯಿತು. ಹೆಚ್ಚಿನ ಅಧ್ಯಯನಕ್ಕೆ ಜರ್ಮನಿಗೆ ಹೋದ ಬೆನ್ನಲ್ಲೇ ಮೊದಲ ಮಹಾಯುದ್ಧ ಶುರುವಾಗಿ ಬಂಧನಕ್ಕೂ ಒಳಗಾದರು. ಆದರೂ ಓದು ಬಿಡಲಿಲ್ಲ. ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದೇ ಮರಳಿದರು. ವಾಯವ್ಯ ಭಾರತದ ಒಣಭೂಮಿಯ ಸಸ್ಯಗಳು ಎಲ್ಲಿಂದ ಬಂದವು, ಹೇಗೆ ಹರಡಿದವು ಎಂಬುದೇ ಅವರ ಸಂಶೋಧನೆಯ ವಿಷಯ.

ಆ ಹೊತ್ತಿಗೆ ಬಂಗಾಳದ ಜಲಮಾರ್ಗಗಳನ್ನು ದಕ್ಷಿಣ ಅಮೆರಿಕ ಮೂಲದ ವಾಟರ್ ಹಯಾಸಿಂತ್ ಕಳೆ ಮುಚ್ಚಿಬಿಟ್ಟಿತ್ತು. ಇಂದು ಬೆಂಗಳೂರಿನ ಕೆರೆಗಳನ್ನು ಕಾಡುತ್ತಿರುವುದೂ ಇದೇ ಕಳೆ. 1930ರಲ್ಲಿ ಆಘಾರ್ಕರ್ ಸಹೋದ್ಯೋಗಿಯೊಂದಿಗೆ ಸೇರಿ ಅದರ ಪರಾಗಸ್ಪರ್ಶ ಮತ್ತು ಬೀಜ ಕಟ್ಟುವ ಬಗೆಯ ಕುರಿತ ಅಧ್ಯಯನ ಪ್ರಕಟಿಸಿದರು. ಕೆಸರಿನಲ್ಲಿ ಬೀಜ ಉಳಿದರೆ ಗಿಡ ಕಿತ್ತೆಸೆದರೂ ಕಳೆ ಮತ್ತೆ ಮೊಳೆಯುತ್ತದೆ. ಹಾಗಾಗಿ ಇದು ಬರೀ ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

1946ರಲ್ಲಿ ಪುಣೆಯಲ್ಲಿ ಮಹಾರಾಷ್ಟ್ರ ವಿಜ್ಞಾನವರ್ಧಿನಿ ಸಂಸ್ಥೆ ಸ್ಥಾಪನೆಯಾಯಿತು. ಅದರ ಸ್ಥಾಪಕ ನಿರ್ದೇಶಕರಾದ ಆಘಾರ್ಕರ್, 1960ರ ಸೆಪ್ಟೆಂಬರ್ 2ರಂದು ನಿಧನರಾಗುವವರೆಗೂ ಅದನ್ನು ಮುನ್ನಡೆಸಿದರು. 1992ರಲ್ಲಿ ಅದರ ಸಂಶೋಧನಾ ಸಂಸ್ಥೆಗೆ ಅವರ ಹೆಸರನ್ನೇ ಇಡಲಾಯಿತು.

ಇಂದು ಅಲ್ಲಿನ ಸಂಶೋಧಕರು ಪಶ್ಚಿಮ ಘಟ್ಟದ ಹಳ್ಳ, ತೊರೆಗಳ ಡಯಾಟಮ್‌ಗಳನ್ನು ಪಟ್ಟಿ ಮಾಡುತ್ತಿದ್ದು, ಹಲವು ಹೊಸ ಪ್ರಭೇದಗಳನ್ನು ಗುರುತಿಸಿದ್ದಾರೆ. ಗಾಜಿನಂಥ ಸಿಲಿಕಾ ಕವಚವಿರುವ ಈ ಪಾಚಿಗಳ ಗುರುತು ಸರೋವರದ ತಳದ ಹೂಳಿನಲ್ಲಿ ಸಾವಿರಾರು ವರ್ಷ ಉಳಿಯಬಲ್ಲದು. ಆ ಪಟ್ಟಿ ಪೂರ್ತಿಯಾಗುವ ಮೊದಲೇ ಹೊಸ ಪಾಚಿ ಬಂದು ಸೇರಿದರೆ, ಅದು ಹೊರಗಿನದೆಂದು ಗುರುತಿಸುವುದೇ ಕಷ್ಟವಾಗಲಿದೆ.