ಗಾಲಿಕುರ್ಚಿಯ ವೈದ್ಯೆ ಡಾ. ಮೇರಿ ವರ್ಗೀಸ್

ಸ್ವತಃ ನಡೆಯಲಾರದಿದ್ದರೂ ನಡೆಯಲಾರದವರಿಗೆ ಆಸರೆಯಾದ ಮಹಾನುಭಾವರೊಬ್ಬರು ನಮ್ಮ ದೇಶದಲ್ಲಿ ಆಗಿಹೋದರು. ಅವರೇ ಡಾ. ಮೇರಿ ವರ್ಗೀಸ್.

ಮೇರಿಯವರು 1925ರಲ್ಲಿ ಕೊಚ್ಚಿಯ ಸಮೀಪದ ಚೆರಾಯಿ ಎಂಬ ಊರಿನಲ್ಲಿ ಜನಿಸಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕಲಿತು ವೈದ್ಯರಾದರು. 1954ರ ಜನವರಿ 30ರಂದು ಜೊತೆಯವರೊಡನೆ ವಿಹಾರಕ್ಕೆ ಹೊರಟಿದ್ದಾಗ ಅವರ ವಾಹನ ಅಪಘಾತಕ್ಕೀಡಾಯಿತು. ಮುಖಕ್ಕೆ ದೊಡ್ಡ ಗಾಯವಾಯಿತು. ಬೆನ್ನುಹುರಿಗೂ ಪೆಟ್ಟುಬಿದ್ದು ಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಿದವು.

ಬೆನ್ನುಹುರಿಯು ಟೆಲಿಫೋನ್ ತಂತಿಯಿದ್ದಂತೆ. ಮೆದುಳಿನ ಆಜ್ಞೆ ಅದರ ಮೂಲಕವೇ ಕೈಕಾಲುಗಳಿಗೆ ತಲುಪುತ್ತದೆ. ತಂತಿ ಕಡಿದರೆ ಕಾಲು ಗಟ್ಟಿಯಾಗಿದ್ದರೂ ಏಳಲಾರದು. ಕಡಿದ ಬೆನ್ನುಹುರಿಯನ್ನು ಮತ್ತೆ ಕೂಡಿಸುವ ಔಷಧ ಅಂದಿಗೂ ಇರಲಿಲ್ಲ, ಇಂದಿಗೂ ಇಲ್ಲ.

ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದ ಮೇರಿಯವರಿಗೆ ಡಾ. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ದಾರಿ ತೋರಿಸಿದರು. ಕುಷ್ಠರೋಗದಿಂದ ಮುದುಡಿದ ಬೆರಳುಗಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದಿತ್ತು. ಮೇರಿಯವರು ಅದನ್ನು ಕಲಿತರು. ಗಾಲಿಕುರ್ಚಿಯಲ್ಲಿ ಕುಳಿತು ರೋಗಿಗಳ ಕೈಗಳಿಗೆ ಮರಳಿ ಶಕ್ತಿ ತಂದರು.

ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ತರಬೇತಿ ಪಡೆದು ಸ್ವಾವಲಂಬಿಯಾದರು. ನ್ಯೂಯಾರ್ಕಿನಲ್ಲಿ ಡಾ. ಹೊವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಅಂಗವಿಕಲರ ಪುನರ್ವಸತಿಯ ಶಾಸ್ತ್ರವನ್ನು ಅಭ್ಯಾಸ ಮಾಡಿದರು. ಮರಳಿ ಬಂದು ವೆಲ್ಲೂರಿನಲ್ಲಿ ಆ ವಿಭಾಗದ ಮುಖ್ಯಸ್ಥರಾದರು. 1966ರಲ್ಲಿ ಅಲ್ಲಿ ರೋಗಿಗಳು ಉಳಿದುಕೊಂಡು ತರಬೇತಿ ಪಡೆಯುವ ಪುನರ್ವಸತಿ ಕೇಂದ್ರ ಆರಂಭವಾಯಿತು. ಹಾಸಿಗೆಯಿಂದ ಕುರ್ಚಿಗೆ ಸರಿಯುವುದು, ಹಾಸಿಗೆ ಹುಣ್ಣಾಗದಂತೆ ನೋಡಿಕೊಳ್ಳುವುದು, ದುಡಿದು ಬಾಳುವುದು, ಇವೆಲ್ಲ ಅಂಥವರು ಕಲಿಯಬೇಕಾದ ಪಾಠಗಳು. ಕಲಿಸುವವರೇ ಗಾಲಿಕುರ್ಚಿಯಲ್ಲಿದ್ದುದರಿಂದ ರೋಗಿಗಳಿಗೆ ನಂಬಿಕೆ ಬರುತ್ತಿತ್ತು. 1972ರಲ್ಲಿ ಭಾರತ ಸರಕಾರವು ಪದ್ಮಶ್ರೀ ನೀಡಿ ಗೌರವಿಸಿತು. 1986ರಲ್ಲಿ ಅವರು ತೀರಿಕೊಂಡರು.

ಅವರ ನಂತರ ವಿಜ್ಞಾನ ಬಹಳ ಮುಂದುವರಿದಿದೆ. 2004ರಲ್ಲಿ ಅಮೇರಿಕೆಯ ವಿಜ್ಞಾನಿಗಳು ಕೈಕಾಲು ಆಡದ ತರುಣನೊಬ್ಬನ ಮೆದುಳಿನಲ್ಲಿ ಸಣ್ಣ ಸಾಧನವನ್ನಿಟ್ಟು, ಅಲ್ಲಿಯ ವಿದ್ಯುತ್ ಸಂಕೇತಗಳನ್ನು ನೇರವಾಗಿ ಕಂಪ್ಯೂಟರಿಗೆ ಜೋಡಿಸಿದರು. ಅವನು ಕೈ ಆಡಿಸಬೇಕೆಂದು ಯೋಚಿಸಿದೊಡನೆ ಪರದೆಯ ಮೇಲಿನ ಗುರುತು ಚಲಿಸಿತು! ಇಂಥ ಸಾಧನಗಳು ಇನ್ನೂ ಹೆಚ್ಚಾಗಿ ಪ್ರಯೋಗದ ಹಂತದಲ್ಲಿಯೇ ಇವೆ. ಆದರೆ ಕಡಿದ ತಂತಿಯನ್ನು ಬಿಟ್ಟು ಬೇರೆ ದಾರಿ ಹುಡುಕುವುದನ್ನು ಮೇರಿಯವರು ತಮ್ಮ ಬಾಳಿನಲ್ಲಿ ಅದಕ್ಕಿಂತ ಮೊದಲೇ ಮಾಡಿ ತೋರಿಸಿದ್ದರು.

ನಮ್ಮ ಕೊಲ್ಹಾಪುರದಲ್ಲಿಯೂ ಗಾಲಿಕುರ್ಚಿಯಲ್ಲಿಯೇ ಬಾಳುತ್ತ ಬಂದ ನಸೀಮಾ ಹುರಜೂಕ ಅವರು 1984ರಲ್ಲಿ ಅಂಗವಿಕಲರಿಗಾಗಿ ಸಂಸ್ಥೆ ಕಟ್ಟಿದರು. ಯಂತ್ರ ಬರುವವರೆಗೆ ಕಾಯಬೇಕಾಗಿಲ್ಲ. ಶಾಲೆಯ ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರು ದಾರಿ ಮಾಡಿದರೆ ಗಾಲಿಕುರ್ಚಿಯ ಗೆಳೆಯನೂ ನಮ್ಮೊಡನೆ ತರಗತಿಗೆ ಬರಬಲ್ಲನು. ಮೇರಿಯವರನ್ನು ನೆನೆಯಲು ಇದಕ್ಕಿಂತ ಒಳ್ಳೆಯ ರೀತಿ ಯಾವುದಿದೆ?