ಮುಚ್ಚಿದ ಬಾಗಿಲನ್ನು ತೆರೆಸಿದ ನ್ಯಾಯಮೂರ್ತಿ

ಮಕ್ಕಳ ಓದಿಗಾಗಿ ಮೈಮೇಲಿನ ಒಡವೆಯನ್ನು ಅಡವಿಟ್ಟ ತಾಯಂದಿರನ್ನು ನೀವು ಕಂಡಿರುತ್ತೀರಿ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿಯೂ ಅಂಥ ತಾಯಿಯೊಬ್ಬರಿದ್ದರು. ಶಿಕ್ಷಕಿಯಾಗಿದ್ದ ನಾರ್ಮಾ ಮಾರ್ಷಲ್, ಮಗನ ಕಾನೂನು ವ್ಯಾಸಂಗಕ್ಕಾಗಿ ತಮ್ಮ ಮದುವೆಯ ಮತ್ತು ನಿಶ್ಚಿತಾರ್ಥದ ಉಂಗುರಗಳನ್ನೇ ಗಿರವಿ ಇಟ್ಟರು. ಆ ಮಗನೇ ಮುಂದೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಪೀಠವೇರಿದ ಮೊದಲ ಕಪ್ಪುವರ್ಣೀಯ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್.

ಅವರು ಜನಿಸಿದ್ದು 1908ರ ಜುಲೈ 2ರಂದು. ಪೂರ್ವಜರು ಗುಲಾಮರಾಗಿದ್ದವರು. ರೈಲಿನಲ್ಲಿಯೂ ಬಿಳಿಯರ ಕ್ಲಬ್ಬಿನಲ್ಲಿಯೂ ದುಡಿದ ತಂದೆ ವಿಲಿಯಂ ಹೆಚ್ಚು ಓದಿದವರಲ್ಲ. ಆದರೂ ಬಿಡುವಾದಾಗ ನ್ಯಾಯಾಲಯಕ್ಕೆ ಹೋಗಿ ವಕೀಲರ ವಾದ ಕೇಳುತ್ತಿದ್ದರು, ಮಕ್ಕಳನ್ನೂ ಕರೆದೊಯ್ಯುತ್ತಿದ್ದರು. ಮನೆಯಲ್ಲಿ ಊಟಕ್ಕೆ ಕುಳಿತಾಗ ಮಕ್ಕಳ ಪ್ರತಿಯೊಂದು ಮಾತಿಗೂ ಆಧಾರ ಕೇಳುತ್ತಿದ್ದರು. ಶಾಲೆಯಲ್ಲಿ ತುಂಟತನ ಮಾಡಿದಾಗಲೆಲ್ಲ ಬಾಲಕ ಥರ್ಗುಡ್‌ಗೆ ಸಂವಿಧಾನವನ್ನು ಓದುವ ಶಿಕ್ಷೆ! ಪುಸ್ತಕದಲ್ಲಿದ್ದ ಸಮಾನತೆ ಬೀದಿಯಲ್ಲೇಕಿಲ್ಲ ಎಂಬ ಪ್ರಶ್ನೆ ಅವರಲ್ಲಿ ಬೇರೂರಿತು.

ಅವರ ಊರಿನಲ್ಲಿಯೇ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಾನೂನು ಕಾಲೇಜಿತ್ತು. ಆದರೆ ಕಪ್ಪುವರ್ಣೀಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮಾರ್ಷಲ್ ದಿನವೂ ವಾಷಿಂಗ್ಟನ್‌ಗೆ ರೈಲಿನಲ್ಲಿ ಪ್ರಯಾಣಿಸಿ, ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ, 1933ರಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. 1935ರಲ್ಲಿ ತಮ್ಮ ಗುರು ಚಾರ್ಲ್ಸ್ ಹ್ಯೂಸ್ಟನ್ ಅವರೊಡನೆ ಸೇರಿ, ಡೊನಾಲ್ಡ್ ಮರ್ರೆ ಎಂಬ ಯುವಕನ ಪರವಾಗಿ ಅದೇ ಕಾಲೇಜಿನ ವಿರುದ್ಧ ವಾದಿಸಿ ಗೆದ್ದರು. ತಮಗೆ ಮುಚ್ಚಿದ್ದ ಬಾಗಿಲನ್ನು ಮತ್ತೊಬ್ಬರಿಗಾಗಿ ತೆರೆಸಿದರು.

ಈ ದಾರಿ ಸುಲಭವಾಗಿರಲಿಲ್ಲ. 1946ರಲ್ಲಿ ಟೆನೆಸಿಯ ಕೊಲಂಬಿಯಾ ಪಟ್ಟಣದಲ್ಲಿ ಕಪ್ಪುವರ್ಣೀಯ ಆರೋಪಿಗಳ ಪರ ವಾದಿಸಿ ಹಿಂದಿರುಗುವಾಗ, ಪೊಲೀಸರು ಕುಡಿದು ವಾಹನ ಓಡಿಸಿದ ಸುಳ್ಳು ಆರೋಪ ಹೊರಿಸಿ ಅವರನ್ನು ರಾತ್ರಿ ನದಿಯ ಕಡೆಗೆ ಕೊಂಡೊಯ್ದರು. ಸಂಗಡಿಗರು ಬಿಡದೆ ಹಿಂಬಾಲಿಸಿದ್ದರಿಂದ ಜೀವ ಉಳಿಯಿತು. ಮಾರ್ಷಲ್ ಅಂಜಿ ವೃತ್ತಿ ಬಿಡಲಿಲ್ಲ.

ಬೇರೆಬೇರೆಯಾಗಿಟ್ಟರೂ ಸೌಕರ್ಯ ಸಮಾನವಾಗಿದ್ದರೆ ತಪ್ಪಿಲ್ಲವೆಂದು 1896ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿತ್ತು. ವಾಸ್ತವದಲ್ಲಿ ಸಮಾನತೆ ಎಲ್ಲಿತ್ತು? ದಕ್ಷಿಣ ಕೆರೊಲಿನಾದ ಕ್ಲಾರೆಂಡನ್ ಕೌಂಟಿಯಲ್ಲಿ ಬಿಳಿಯ ಮಕ್ಕಳಿಗೆ ಬಸ್ಸುಗಳಿದ್ದವು. ಕಪ್ಪು ಮಕ್ಕಳು ಮೈಲುಗಟ್ಟಲೆ ನಡೆಯಬೇಕಿತ್ತು. ಮನಃಶಾಸ್ತ್ರಜ್ಞ ಕೆನೆತ್ ಕ್ಲಾರ್ಕ್ ಕಪ್ಪು ಮಕ್ಕಳ ಮುಂದೆ ಬಿಳಿಯ ಹಾಗೂ ಕಪ್ಪು ಬೊಂಬೆಗಳನ್ನಿಟ್ಟಾಗ, ಹೆಚ್ಚಿನವರು ಬಿಳಿಯ ಬೊಂಬೆಯೇ ಒಳ್ಳೆಯದೆಂದರು. ಎಳೆಯ ಮನಸ್ಸು ತನ್ನನ್ನು ತಾನೇ ಕೀಳೆಂದು ನಂಬುವಂತೆ ಮಾಡುವ ಗಾಯ ಎಷ್ಟು ಆಳವಾದದ್ದು! ಮಾರ್ಷಲ್ ಈ ಗಾಯವನ್ನೇ ನ್ಯಾಯಪೀಠದ ಮುಂದಿಟ್ಟರು. 1954ರ ಮೇ 17ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ, ಸರ್ಕಾರಿ ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರವೆಂದು ಸಾರಿದರು. ವಕೀಲರಾಗಿ ಆ ನ್ಯಾಯಾಲಯದಲ್ಲಿ ಅವರು ವಾದಿಸಿದ 32 ಮೊಕದ್ದಮೆಗಳಲ್ಲಿ 29ನ್ನು ಗೆದ್ದರು.

1961ರಲ್ಲಿ ಅಧ್ಯಕ್ಷ ಕೆನಡಿ ಅವರನ್ನು ಮೇಲ್ಮನವಿ ನ್ಯಾಯಾಲಯಕ್ಕೆ ನೇಮಿಸಿದರು. 1967ರಲ್ಲಿ ಅಧ್ಯಕ್ಷ ಜಾನ್ಸನ್ ಸರ್ವೋಚ್ಚ ನ್ಯಾಯಾಲಯಕ್ಕೆ ಹೆಸರಿಸಿದಾಗ, ಸೆನೆಟ್ 69–11 ಮತಗಳಿಂದ ಒಪ್ಪಿತು. 1991ರವರೆಗೆ, 24 ವರ್ಷ, ಅವರು ಬಡವರ ಹಾಗೂ ಬಂದಿಗಳ ಹಕ್ಕುಗಳಿಗೆ ದನಿಯಾದರು. ಮರಣದಂಡನೆಯನ್ನು ಕೊನೆಯವರೆಗೂ ವಿರೋಧಿಸಿದರು. ಬಹುಮತ ಎದುರಿಗಿದ್ದರೂ ತಮ್ಮ ಭಿನ್ನಮತವನ್ನು ತಪ್ಪದೆ ಬರೆದಿಟ್ಟರು. 1993ರ ಜನವರಿ 24ರಂದು, 84ನೆಯ ವಯಸ್ಸಿನಲ್ಲಿ, ನಿಧನರಾದರು.

ತಂದೆತಾಯಿಗಳೇ, ಈ ನ್ಯಾಯಮೂರ್ತಿಯ ಮೊದಲ ನ್ಯಾಯಾಲಯ ಅವರ ಮನೆಯ ಊಟದ ಮೇಜು. ಇದು ಸರಿಯೇ ಎಂದು ನಿಮ್ಮ ಮಗು ಕೇಳಿದಾಗ ಬಾಯಿ ಮುಚ್ಚಿಸುತ್ತೀರೋ, ಕುಳಿತು ಮಾತನಾಡುತ್ತೀರೋ? ಜಾತಿ, ಬಣ್ಣ, ಬಡತನಗಳ ನೆಪದಲ್ಲಿ ನೆರೆಮನೆಯ ಮಗುವನ್ನು ದೂರವಿಡುವ ಮಾತು ಇಂದು ನಮ್ಮ ಮನೆಯಲ್ಲಿ ಆಡಲ್ಪಟ್ಟಿದ್ದರೆ, ಅದನ್ನು ನಮ್ಮ ಮಕ್ಕಳು ಕೇಳಿಸಿಕೊಂಡಿರುತ್ತಾರೆ.